ತಕ್ಕಡಿಗೆ ಏರದ ಪೊಟ್ಟಣ

ನಮ್ಮ ಹೆಗ್ಗನಹಳ್ಳಿಯಲ್ಲಿ ಏನಕ್ಕೆ ಬರವಿದ್ದರೂ ಗುಜರಿ ಅಂಗಡಿಗೆ ಬರವಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಬೆಳೆದ ಊರು ಇದು. ಮನೆಯ ಕೆಳ ಅಂತಸ್ತಿನಲ್ಲಿ ಲೇತು, ಡ್ರಿಲ್ಲಿಂಗ್ ಮಿಷನ್ನು; ಮೇಲಿನ ಅಂತಸ್ತಿನಲ್ಲಿ ಬಾಡಿಗೆಯ ಸಂಸಾರ. ಕಬ್ಬಿಣದ ಚೂರು, ತಾಮ್ರದ ತಂತಿ, ರಟ್ಟಿನ ಪೆಟ್ಟಿಗೆ, ಹಳೆಯ ಬ್ಯಾಟರಿ ಎಲ್ಲಕ್ಕೂ ಇಲ್ಲಿ ಒಂದು ದರವಿದೆ, ಕೊಳ್ಳುವವರಿದ್ದಾರೆ. ಹೀಗಾಗಿ ಯಾವುದು ಕಸ, ಯಾವುದು ಸರಕು ಎಂದು ನಮ್ಮ ಬೀದಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಕ್ಕಡಿಗೆ ಏರಿದ್ದು ಸರಕು, ಏರದ್ದು ಕಸ.

ಶಾಲೆಗಳಲ್ಲಿ ಪರಿಸರ ದಿನದಂದು ನಡೆಯುವ ಪ್ರಬಂಧ ಸ್ಪರ್ಧೆಗಳನ್ನು ನೀವೂ ನೋಡಿರುತ್ತೀರಿ. ಅಲ್ಲಿ ಪ್ಲಾಸ್ಟಿಕ್ ರಾಕ್ಷಸ, ಕಾಗದ ದೇವತೆ, ಬಟ್ಟೆಯ ಚೀಲ ಸರ್ವರೋಗಕ್ಕೂ ಮದ್ದು. ಬರೆದ ಮಗು ಬಹುಮಾನ ತೆಗೆದುಕೊಂಡು ಕೆಳಗಿಳಿಯುವಾಗ ಅದರ ಕೈಗೆ ಒಂದು ಬಿಸ್ಕತ್ತಿನ ಪೊಟ್ಟಣ, ಒಂದು ಮಾವಿನ ರಸದ ಡಬ್ಬಿ. ನಗಬೇಡಿ, ಕೊಡುವವರದೂ ತಪ್ಪಿಲ್ಲ. ಇನ್ನೂರು ಮಕ್ಕಳಿಗೆ ಬೇರೆ ಏನು ಕೊಡುವುದು, ಯಾರು ಮಾಡುವುದು, ಯಾರು ತೊಳೆಯುವುದು? ಈ ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಸಂಜೆ ಐದಕ್ಕೆ ನಮ್ಮ ಮನೆಗೆ ಪಾಠಕ್ಕೆ ಆರು ಮಕ್ಕಳು ಬರುತ್ತಾರೆ. ಐದನೆಯ ತರಗತಿಯಿಂದ ಎಂಟರವರೆಗಿನವರು. ಪುಸ್ತಕದ ಚೀಲದ ಜತೆಗೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೊಟ್ಟಣ. ಮೆಟ್ಟಿಲ ಮೇಲೆ ಕೂತು ಕರಕರ ಮುಗಿಸಿ ಒಳಗೆ ಬರುತ್ತಾರೆ. ಪೊಟ್ಟಣ ಗಾಳಿಗೆ ಹಾರಿ ಪಕ್ಕದ ಖಾಲಿ ಸೈಟು ಸೇರುತ್ತದೆ. ಆ ಸೈಟಿಗೆ ವಾರಕ್ಕೊಮ್ಮೆಯೋ ಎರಡು ಸಲವೋ ನಸುಕಿನಲ್ಲಿ ಯಾರೋ ಬೆಂಕಿ ಇಡುತ್ತಾರೆ. ಬಯಲಿನಲ್ಲಿ ಕಸ ಸುಟ್ಟರೆ ಐದು ಸಾವಿರ ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೆ ನಸುಕಿನ ಐದು ಗಂಟೆಗೆ ದಂಡ ಹಾಕುವವರೂ ಮಲಗಿರುತ್ತಾರಲ್ಲ.

ಆ ಮಕ್ಕಳಲ್ಲಿ ಏಳನೆಯ ತರಗತಿಯ ಒಬ್ಬಳಿಗೆ ಉಬ್ಬಸ. ಕಂಪಾಸು ಪೆಟ್ಟಿಗೆಯ ಪಕ್ಕದಲ್ಲಿ ಔಷಧಿಯ ಪಂಪು ಇಟ್ಟುಕೊಂಡು ಬರುತ್ತಾಳೆ. ಸೈಟು ಸುಟ್ಟ ದಿನ ಅವಳು ಪಾಠಕ್ಕೂ ಇಲ್ಲ, ಶಾಲೆಗೂ ಇಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಸಾಲು ನೋಡಿದರೆ ಸಾಕು, ಆ ತಿಂಗಳು ಎಷ್ಟು ಸಲ ಬೆಂಕಿ ಬಿದ್ದಿತ್ತು ಎಂದು ಹೇಳಬಹುದು.

ಹೋದ ವರ್ಷ ಒಂದು ಬೆಳಿಗ್ಗೆ ಬೂದಿ ಆರಿದ ಮೇಲೆ ಒಂದು ಕೋಲು ಹಿಡಿದು ಹೋಗಿ ಕೆದಕಿ ನೋಡಿದೆ. ನೀರಿನ ಬಾಟಲಿ ಒಂದೂ ಇರಲಿಲ್ಲ. ರಟ್ಟಿಲ್ಲ, ಹಾಲಿನ ಕವರಿಲ್ಲ, ಗಾಜಿಲ್ಲ. ಇದ್ದದ್ದು ಅರೆಬೆಂದ ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಸುತ್ತು, ಕಾಫಿ ಕುಡಿದ ಕಾಗದದ ಲೋಟ, ಸಾಂಬಾರು ಕಟ್ಟಿಸಿ ತಂದ ತೆಳು ಕವರು. ಬೆಲೆಯಿರುವುದನ್ನೆಲ್ಲ ಚಿಂದಿ ಆಯುವವರು ಬೆಂಕಿ ಬೀಳುವ ಮೊದಲೇ ಆರಿಸಿಕೊಂಡು ಹೋಗಿದ್ದರು. ಬೆಲೆಯಿಲ್ಲದ್ದು ಮಾತ್ರ ಹೊಗೆಯಾಗಿ ಆ ಹುಡುಗಿಯ ಎದೆಗೆ ಹೋಗಿತ್ತು.

ಆಮೇಲೆ ಮಕ್ಕಳಿಗೆ ಒಂದು ಕೆಲಸ ಹೇಳಿದೆ. ಒಂದು ವಾರ ನಿಮ್ಮ ಮನೆಯಲ್ಲಿ ತಿಂದದ್ದು, ಕುಡಿದದ್ದರ ಹೊದಿಕೆಯನ್ನೆಲ್ಲ ತೊಳೆದು, ಒಣಗಿಸಿ ತನ್ನಿ. ಭಾನುವಾರ ಎರಡು ಗೋಣಿಚೀಲ ತುಂಬಿತು. ಎತ್ತಿಕೊಂಡು ಗುಜರಿ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ಚೀಲವನ್ನು ನೆಲಕ್ಕೆ ಸುರಿದು, ಇಸ್ಪೀಟು ಎಲೆ ಹಂಚುವವರ ಹಾಗೆ ಬೇರ್ಪಡಿಸತೊಡಗಿದರು. ನೀರಿನ ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ. ಎರಡರ ಜಾತಿ ಬೇರೆಯಂತೆ, ದರವೂ ಬೇರೆ. ಹಾಲಿನ ಕವರಿಗೆ ಪ್ರತ್ಯೇಕ ಮೂಟೆ. ರಟ್ಟು, ಎಣ್ಣೆಯ ಕ್ಯಾನು, ಜ್ಯೂಸಿನ ತಗಡಿನ ಡಬ್ಬಿ ಎಲ್ಲಕ್ಕೂ ಒಂದೊಂದು ಮೂಲೆ. ಕೊನೆಗೆ ನೆಲದ ಮೇಲೆ ಉಳಿದದ್ದು ಒಂದು ರಾಶಿ: ಬಣ್ಣಬಣ್ಣದ, ಮಿರಮಿರ ಮಿನುಗುವ ಪೊಟ್ಟಣಗಳು. ನಾವು ತಂದಿದ್ದರಲ್ಲಿ ನೋಡಲು ಬಹಳ ಚೆಂದ ಇದ್ದದ್ದು ಅದೇ.

"ಇದನ್ಯಾಕೆ ತಗೊಳಲ್ಲ ಅಂಕಲ್?" ಎಂದ ಐದನೆಯ ತರಗತಿಯ ಹುಡುಗ.

"ಇದು ಒಂದೇ ಜಾತಿ ಅಲ್ಲ ಮಗಾ. ಎರಡು ಮೂರು ಸೇರ್ಸಿ ಅಂಟ್ಸಿದಾರೆ. ಬಿಡ್ಸೋಕಾಗಲ್ಲ. ನಾನು ತಗೊಂಡ್ರೂ ನಾಯಂಡಹಳ್ಳಿಯವರು ನನ್ನ ಹತ್ರ ತಗೊಳಲ್ಲ."

ಮೈಸೂರು ರಸ್ತೆಯ ನಾಯಂಡಹಳ್ಳಿಯ ಹೆಸರು ಕೇಳಿದ್ದೀರಷ್ಟೆ. ಬೆಂಗಳೂರಿನ ಹಳೆಯ ಪ್ಲಾಸ್ಟಿಕ್ಕಿನ ದೊಡ್ಡ ಪಾಲು ಹೋಗಿ ಸೇರುವುದು ಅಲ್ಲಿಗೆ. ಅಲ್ಲಿ ಅದನ್ನು ಬಣ್ಣ, ಜಾತಿ ನೋಡಿ ಬೇರ್ಪಡಿಸಿ, ಪುಡಿಮಾಡಿ, ತೊಳೆದು, ಮತ್ತೆ ಕಾರ್ಖಾನೆಗಳಿಗೆ ಮಾರುತ್ತಾರೆ. ನೀರಿನ ಬಾಟಲಿ ಹೆಚ್ಚಾಗಿ ನೂಲಾಗುತ್ತದೆ. ದಿಂಬಿನೊಳಗಿನ ಹತ್ತಿಯಂಥ ತುಂಬು, ಪಾಲಿಯೆಸ್ಟರ್ ಬಟ್ಟೆ ಆಗುತ್ತದೆ. ಹಾಲಿನ ಕವರು ಒಂದೇ ಬಗೆಯ ಪಾಲಿಥಿನ್ ಆದ್ದರಿಂದ ಕರಗಿಸಿ ಬೇರೆ ಸಾಮಾನು ಮಾಡಬಹುದು. ಅದಕ್ಕೇ ನಮ್ಮ ಓಣಿಯ ಹೆಂಗಸರು ಹಾಲಿನ ಕವರನ್ನು ತೊಳೆದು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸುವುದು. ಯಾರೂ ಅವರಿಗೆ ಪರಿಸರದ ಭಾಷಣ ಮಾಡಿರಲಿಲ್ಲ.

ಹಾಲಿನ ಕವರಿನಲ್ಲೂ ಒಂದು ಸೂಕ್ಷ್ಮವಿದೆ. ನಾವು ಕತ್ತರಿಸಿ ಎಸೆಯುವ ಆ ಪುಟ್ಟ ಮೂಲೆ ಇದೆಯಲ್ಲ, ಅದು ಯಾವ ಗುಜರಿಗೂ ಸಿಗುವುದಿಲ್ಲ. ಉಗುರಿನಷ್ಟು ಚೂರನ್ನು ಯಾರು ಹೆಕ್ಕುತ್ತಾರೆ? ಸಿಂಕಿನಿಂದ ಮೋರಿಗೆ, ಮೋರಿಯಿಂದ ರಾಜಕಾಲುವೆಗೆ. ಪೀಣ್ಯ, ಲಗ್ಗೆರೆ, ಸುಂಕದಕಟ್ಟೆಯ ಕಡೆಯ ಮಳೆನೀರಿನ ಹೆಚ್ಚಿನಂಶ ಇಳಿಯುವುದು ವೃಷಭಾವತಿಯ ಕಣಿವೆಗೆ. ವೃಷಭಾವತಿ ಬಿಡದಿಯ ಬಳಿ ಬೈರಮಂಗಲದ ಕೆರೆ ಹೊಕ್ಕು, ಮುಂದೆ ಅರ್ಕಾವತಿಯನ್ನು, ಅರ್ಕಾವತಿ ಕಾವೇರಿಯನ್ನು ಸೇರುತ್ತವೆ. ಮೂಲೆಯನ್ನು ಪೂರ್ತಿ ಕತ್ತರಿಸದೆ, ಕವರಿಗೇ ಅಂಟಿಕೊಂಡಿರುವಂತೆ ಒಂದು ಸೀಳು ಕೊಟ್ಟರೆ ಅದೂ ತಕ್ಕಡಿಗೆ ಏರುತ್ತದೆ. ಖರ್ಚಿಲ್ಲದ, ಶ್ರಮವಿಲ್ಲದ ಕೆಲಸ. ತಾಯಂದಿರಿಗೆ ಹೇಳಿದರೆ ಮರುದಿನದಿಂದಲೇ ಮಾಡುತ್ತಾರೆ. ಗಂಡಸರಿಗೆ ನಾಲ್ಕು ಸಲ ಹೇಳಬೇಕು.

ಇನ್ನು ಆ ಮಿನುಗುವ ಪೊಟ್ಟಣ. ಅದು ಸುಮ್ಮನೆ ಹಾಗಾದದ್ದಲ್ಲ. ಎಣ್ಣೆಯಲ್ಲಿ ಕರಿದ ಆಲೂಗಡ್ಡೆಗೆ ಗಾಳಿ ತಾಗಿದರೆ ಕಮಟು, ತೇವ ತಾಗಿದರೆ ಮೆತ್ತಗೆ. ಹಾಗಾಗಿ ಹೊರಗೆ ಅಚ್ಚು ಹಾಕಲು ಅನುಕೂಲವಾದ ಒಂದು ಗಟ್ಟಿ ಪದರ, ಒಳಗೆ ಬಿಸಿಗೆ ಕರಗಿ ಅಂಟಿಕೊಳ್ಳುವ ಇನ್ನೊಂದು ಪದರ, ಎರಡರ ನಡುವೆ ಗಾಳಿ ಬೆಳಕು ತಡೆಯಲು ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಅಲ್ಯೂಮಿನಿಯಂ ಲೇಪ. ಒಳಗೆ ತುಂಬುವುದು ಮಾಮೂಲಿ ಗಾಳಿಯಲ್ಲ, ಸಾರಜನಕ. ಹಣ್ಣಿನ ರಸದ ರಟ್ಟಿನ ಡಬ್ಬಿಯಲ್ಲಂತೂ ಆರು ಪದರಗಳು. ಸುಮಾರು ಮುಕ್ಕಾಲು ಪಾಲು ಕಾಗದ, ಉಳಿದದ್ದು ಪಾಲಿಥಿನ್ನು ಮತ್ತು ಅಲ್ಯೂಮಿನಿಯಂ. ಬುದ್ಧಿವಂತಿಕೆಯ ಕೆಲಸವೇ ಸರಿ. ಆಹಾರ ಕೆಡದ ಹಾಗೆ ಕಾಯುವುದೂ ಪರಿಸರದ ಕೆಲಸವೇ. ಜಗತ್ತಿನಲ್ಲಿ ಬೆಳೆದು, ಸಾಗಿಸಿ, ಕೊನೆಗೆ ಹಾಳಾಗುವ ಆಹಾರದಿಂದಲೇ ಭೂಮಿಯ ತಾಪ ಹೆಚ್ಚಿಸುವ ಅನಿಲಗಳಲ್ಲಿ ಶೇಕಡಾ 8ರಿಂದ 10ರಷ್ಟು ಬರುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಆದರೆ ಆರು ತಿಂಗಳು ಕಾಯಲು ಮಾಡಿದ ಕೋಟೆಯನ್ನು ನಾವು ಆರು ನಿಮಿಷದಲ್ಲಿ ಒಡೆದು ಬಿಸಾಡುತ್ತೇವೆ. ಚಿಕ್ಕ ಪೊಟ್ಟಣ ಎರಡು ಮೂರು ಗ್ರಾಂ ತೂಗಿದರೆ ಹೆಚ್ಚು. ಒಂದು ಕಿಲೋ ಆಗಬೇಕಾದರೆ ಮುನ್ನೂರು ನಾನೂರು ಆಯಬೇಕು. ಆಯ್ದರೂ ಕೊಳ್ಳುವವರಿಲ್ಲ. ಹೊಟ್ಟೆಪಾಡಿಗೆ ಆಯುವವರು ಯಾಕೆ ಬಗ್ಗುತ್ತಾರೆ?

ಅಮೆರಿಕದ ಮೂವರು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿ ನೆನಪಾಗುತ್ತದೆ. 1950ರಿಂದ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ಕು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ಮರುಬಳಕೆ ಕಂಡದ್ದು ಶೇಕಡಾ 9 ಮಾತ್ರ. ಪ್ಲಾಸ್ಟಿಕ್ಕಿನ ಅತಿ ದೊಡ್ಡ ಉಪಯೋಗ ಯಾವುದಕ್ಕೆ ಗೊತ್ತೆ? ಹೊದಿಕೆಗೆ. ನಮ್ಮ ಗುಜರಿ ಅಂಗಡಿಯ ನೆಲದ ಮೇಲೆ ಉಳಿದ ರಾಶಿ ಜಗತ್ತಿನ ರಾಶಿಯ ಒಂದು ಚಿಟಿಕೆ.

ಹಾಗಾದರೆ ಪೊಟ್ಟಣ ನಿಲ್ಲಿಸಿ ಎಂದು ತಾಯಂದಿರಿಗೆ ಹೇಳಿಬಿಡಬಹುದಲ್ಲ? ನಾನು ಹೇಳಲು ಹೋಗಿ ಒಬ್ಬಾಕೆಯಿಂದ ಕೇಳಿಸಿಕೊಂಡೆ. ಆಕೆ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆಯವಳು. "ಮಿಸ್, ಒಂಬತ್ತಕ್ಕೆ ಮಿಷನ್ ಮುಂದೆ ಕೂತಿರ್ಬೇಕು. ಐದಕ್ಕೆ ಎದ್ದು ತಿಂಡಿ ಮಾಡಿ, ಮೂರು ಡಬ್ಬಿ ಕಟ್ಟಿ ಹೊರಡ್ತೀನಿ. ಮಗ ನಾಲ್ಕಕ್ಕೆ ಬರ್ತಾನೆ, ನಾನು ಬರೋದು ಆರೂವರೆ. ಹತ್ತು ರೂಪಾಯಿ ಇಟ್ಟು ಹೋಗ್ತೀನಿ. ಹತ್ತು ರೂಪಾಯಿಗೆ ನೀವೇ ಹೇಳಿ, ಏನು ಸಿಗತ್ತೆ?" ಉತ್ತರ ನನ್ನಲ್ಲಿರಲಿಲ್ಲ. ಐದು ರೂಪಾಯಿಯ ಪೊಟ್ಟಣ ಹುಟ್ಟಿದ್ದೇ ಇಂಥ ಮನೆಗಳಿಗಾಗಿ. ಶ್ರೀಮಂತರು ದೊಡ್ಡ ಡಬ್ಬಿ ಕೊಂಡು ಇಟ್ಟುಕೊಳ್ಳುತ್ತಾರೆ. ದಿನಗೂಲಿಯವರು ದಿನದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅದೇ ತೂಕದ ತಿಂಡಿಗೆ ಚಿಕ್ಕ ಪೊಟ್ಟಣದಲ್ಲಿ ಹೊದಿಕೆ ಜಾಸ್ತಿ. ಹಾಗೆಂದು ತಪ್ಪನ್ನು ಆಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪೊಟ್ಟಣ ಮಾಡಿದವರ ಮೇಲೆ ಹೊಣೆ ಇಲ್ಲವೆ ಎಂದರೆ, ಕಾಗದದ ಮೇಲೆ ಇದೆ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ನಿಷೇಧ 2022ರ ಜುಲೈ 1ರಿಂದ ಬಂತು. ಆ ಪಟ್ಟಿಯಲ್ಲಿ ರಸ ಹೀರುವ ಕೊಳವೆ ಇದೆ, ಐಸ್‌ಕ್ರೀಮಿನ ಕಡ್ಡಿ ಇದೆ. ಚಿಪ್ಸ್ ಪೊಟ್ಟಣ ಇಲ್ಲ. ಮರುಬಳಕೆಯಾಗದ ಬಹುಪದರದ ಹೊದಿಕೆಯನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಎಂದು ಕೇಂದ್ರದ 2016ರ ನಿಯಮ ಹೇಳಿತ್ತು. 2018ರ ತಿದ್ದುಪಡಿ ಅದನ್ನು ಸಡಿಲಿಸಿ, ಸುಟ್ಟು ಶಕ್ತಿ ತೆಗೆಯಲಾಗುವುದಾದರೆ ನಡೆಯಲಿ ಎಂದಿತು. 2022ರಿಂದ ತಯಾರಕರು ತಾವು ಮಾರಿದಷ್ಟು ಹೊದಿಕೆಗೆ ಲೆಕ್ಕ ಒಪ್ಪಿಸಬೇಕು. ಹೀಗೆ ಸಂಗ್ರಹವಾದದ್ದರಲ್ಲಿ ಎಷ್ಟೋ ಪಾಲು ಸಿಮೆಂಟು ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ಸೈಟಿನ ಬೆಂಕಿಗಿಂತ ಕುಲುಮೆಯ ಬೆಂಕಿ ಮೇಲು, ಒಪ್ಪುತ್ತೇನೆ. ಆದರೂ ಅದು ಮರುಬಳಕೆಯಲ್ಲ, ಸುಡುವುದೇ.

ಕಾಗದ ದೇವತೆಯ ವಿಷಯಕ್ಕೆ ಬರೋಣ. ಕಾಫಿಯ ಕಾಗದದ ಲೋಟವನ್ನು ನೀರಿನಲ್ಲಿ ನೆನೆಹಾಕಿ ಒಂದು ದಿನ ಬಿಟ್ಟು ಸುಲಿದು ನೋಡಿ. ಒಳಗೆ ತೆಳುವಾದ ಒಂದು ಪೊರೆ ಬರುತ್ತದೆ. ಅದು ಪ್ಲಾಸ್ಟಿಕ್ಕು. ಇಲ್ಲದಿದ್ದರೆ ಕಾಫಿ ನಿಲ್ಲುವುದು ಹೇಗೆ? ಖರಗಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂಥ ಲೋಟದಲ್ಲಿ ನೂರು ಮಿಲಿಲೀಟರ್ ಬಿಸಿ ದ್ರವ ಹದಿನೈದು ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ. ಗುಜರಿಯವರೂ ಅದನ್ನು ಮುಟ್ಟಲಿಲ್ಲ, "ಕಾಗದಾನೂ ಅಲ್ಲ, ಕವರೂ ಅಲ್ಲ" ಎಂದರು. ಮಣ್ಣಿನಲ್ಲಿ ಕರಗುತ್ತದೆ ಎಂದು ಬರೆದುಕೊಂಡು ಬರುವ ಹೊಸ ಕವರುಗಳದೂ ಇದೇ ಕಥೆ. ಅವುಗಳಲ್ಲಿ ಹಲವು ಕರಗುವುದು ಸುಮಾರು 58 ಡಿಗ್ರಿ ಶಾಖದ ಗೊಬ್ಬರದ ಘಟಕದಲ್ಲಿ. ನಮ್ಮ ಮೋರಿಯಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು?

ಬಟ್ಟೆಯ ಚೀಲಕ್ಕೂ ಒಂದು ಮಾತು. ಡೆನ್ಮಾರ್ಕ್ ಸರ್ಕಾರದ ಪರಿಸರ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿತು: ಹೊಸ ಹತ್ತಿಯ ಚೀಲ ಭೂಮಿಯ ತಾಪದ ದೃಷ್ಟಿಯಿಂದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಎನಿಸಿಕೊಳ್ಳಬೇಕಾದರೆ ಕನಿಷ್ಠ 52 ಸಲ ಬಳಸಬೇಕು, ಹತ್ತಿ ಬೆಳೆಯಲು ಹಿಡಿದ ನೀರು, ಗೊಬ್ಬರ ಮುಂತಾದ ಎಲ್ಲ ಲೆಕ್ಕ ಸೇರಿಸಿದರೆ 7,100 ಸಲ. ಮದುವೆಮನೆಯಿಂದ, ಸಮಾರಂಭದಿಂದ ಬಂದ ಅಚ್ಚು ಹಾಕಿದ ಚೀಲಗಳು ಬೀರುವಿನ ಮೇಲೆ ಹತ್ತು ಹದಿನೈದು ಮಡಚಿ ಕೂತಿರುವ ಮನೆಗಳು ಎಷ್ಟಿಲ್ಲ! ಹಳೆಯ ಪ್ಯಾಂಟು ಹರಿದು ಹೊಲಿದ ಕೈಚೀಲಕ್ಕೆ ಈ ಲೆಕ್ಕ ಹಿಡಿಸುವುದಿಲ್ಲ ಅನ್ನಿ. ಅದು ಹುಟ್ಟಿದಾಗಲೇ ಸಾಲ ತೀರಿಸಿದೆ.

ಅಲ್ಲಿಗೆ ಪ್ರಶ್ನೆ ಪ್ಲಾಸ್ಟಿಕ್ಕೋ ಕಾಗದವೋ ಗಾಜೋ ಎಂಬುದಲ್ಲ. ಅದು ಎಷ್ಟು ಸಲ ಮರಳಿ ಬರುತ್ತದೆ ಎಂಬುದು.

ನನ್ನ ಬಾಲ್ಯ ಕಳೆದದ್ದು ರಾಜಾಜಿನಗರದಲ್ಲಿ. ಬೆಳಿಗ್ಗೆ ತಂತಿಯ ಬುಟ್ಟಿಯಲ್ಲಿ ಖಾಲಿ ಬಾಟಲಿ ಹಿಡಿದು ಡೇರಿಯ ಹಾಲಿನ ಬೂತಿನ ಮುಂದೆ ನಿಲ್ಲುವುದು ನನ್ನ ಪಾಳಿ. ಖಾಲಿ ಬಾಟಲಿ ಕೊಟ್ಟರೆ ತುಂಬಿದ ಬಾಟಲಿ. ಒಡೆದರೆ ದುಡ್ಡು ಕೊಡಬೇಕು, ಅಮ್ಮನಿಂದ ಬೇರೆ ಮಂಗಳಾರತಿ. ಗೋಲಿ ಸೋಡಾ ಅಂಗಡಿಯ ಮುಂದೆಯೇ ಕುಡಿದು ಬಾಟಲಿ ಅಲ್ಲೇ ಇಟ್ಟು ಬರಬೇಕಿತ್ತು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ಆ ಕುತ್ತಿಗೆ ಹಿಂಡಿದ ಬಾಟಲಿ ಎಷ್ಟು ಸಾವಿರ ಬಾಯಿಗಳನ್ನು ಕಂಡಿತ್ತೋ! ಇದನ್ನೆಲ್ಲ ಹೇಳಿ 'ಆ ಕಾಲವೇ ಚೆಂದ' ಎನ್ನಲು ನನಗೆ ಮನಸ್ಸಿಲ್ಲ. ಗಾಜು ಭಾರ, ಲಾರಿಗೆ ಹೆಚ್ಚು ಡೀಸೆಲ್ಲು, ತೊಳೆಯಲು ನೀರು, ಒಡೆದರೆ ನಷ್ಟ. ಕವರು ಬಂದ ಮೇಲೆಯೇ ಹಾಲು ಹೆಗ್ಗನಹಳ್ಳಿಯಂಥ ಊರಿನ ಗಲ್ಲಿಗಲ್ಲಿಗೆ ತಲುಪಿದ್ದು. ಹಾಗೆಯೇ ಬೋಂಡ ಸುತ್ತುತ್ತಿದ್ದ ಹಳೆಯ ಪತ್ರಿಕೆಯನ್ನೂ ನಾನು ವಾಪಸು ಕರೆಯುವುದಿಲ್ಲ. ಮುದ್ರಣದ ಮಸಿ ಎಣ್ಣೆಗೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ನಿಯಮದಲ್ಲಿ ಅದನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ.

ಮರಳಿ ಬರುವ ಪಾತ್ರೆ ಹಳೆಯ ಕಾಲಕ್ಕೆ ಮುಗಿದುಹೋದದ್ದೂ ಅಲ್ಲ. ಮಕ್ಕಳಿಗೆ ಕೇಳಿದೆ, "ನಿಮ್ಮ ಮನೆಗೆ ಬಂದು, ಖಾಲಿಯಾಗಿ, ವಾಪಸು ಹೋಗಿ, ಮತ್ತೆ ತುಂಬಿ ಬರುವುದು ಏನಿದೆ ಹೇಳಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಉಬ್ಬಸದ ಹುಡುಗಿಯೇ ಹೇಳಿದಳು: "ಗ್ಯಾಸ್ ಸಿಲಿಂಡರ್ ಮಿಸ್!" ಇನ್ನೊಬ್ಬ, "ನೀರಿನ ಕ್ಯಾನು!" ನೋಡಿ, ನಮ್ಮ ಬೀದಿಯ ಶುದ್ಧ ನೀರಿನ ಘಟಕದ ಮುಂದೆ ಇಪ್ಪತ್ತು ಲೀಟರಿನ ಕ್ಯಾನುಗಳ ಸಾಲು ದಿನವೂ ಇರುತ್ತದೆ. ಅದೂ ಪ್ಲಾಸ್ಟಿಕ್ಕೇ. ಆದರೆ ಅದು ನೂರಾರು ಸಲ ಹೋಗಿ ಬರುತ್ತದೆ. ಅದನ್ನು ಮೋರಿಗೆ ಎಸೆದವರನ್ನು ನಾನು ಕಂಡಿಲ್ಲ. ಯಾಕೆಂದರೆ ಅದಕ್ಕೆ ದುಡ್ಡು ಕೊಟ್ಟಿದ್ದೇವೆ. ಸಿಲಿಂಡರಿಗೆ ಠೇವಣಿ ಕಟ್ಟಿದ್ದೇವೆ.

ಈ ಠೇವಣಿಯ ಸೂತ್ರವನ್ನು ಬೇರೆ ಕಡೆ ಚಿಕ್ಕ ಪಾತ್ರೆಗಳಿಗೂ ಹಚ್ಚಿದ್ದಾರೆ. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಪಾನೀಯದ ಬಾಟಲಿ, ಡಬ್ಬಿಗಳಿಗೂ 25 ಸೆಂಟ್ ಠೇವಣಿ. ಶೇಕಡಾ 95ಕ್ಕೂ ಹೆಚ್ಚು ವಾಪಸು ಬರುತ್ತವೆ. ಅಷ್ಟು ದೂರ ಯಾಕೆ, ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ ಕಾಡಿನ ದಾರಿಯಲ್ಲಿ ಒಡೆದ ಗಾಜು ಪ್ರಾಣಿಗಳ ಕಾಲಿಗೆ ಚುಚ್ಚುತ್ತದೆಂದು ನ್ಯಾಯಾಲಯ ಕೇಳಿದ ಮೇಲೆ, 2022ರಿಂದ ಮದ್ಯದ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ತೆಗೆದುಕೊಂಡು ಖಾಲಿ ತಂದವರಿಗೆ ಅದನ್ನು ವಾಪಸು ಕೊಡುತ್ತಿದ್ದಾರೆ. ಕುಡುಕರೂ ಬಾಟಲಿ ತಂದು ಕೊಡುತ್ತಾರೆ ಎಂದರೆ ಸೂತ್ರದ ಬಲ ನೀವೇ ಊಹಿಸಿ. ಚಿಪ್ಸ್ ಪೊಟ್ಟಣಕ್ಕೆ ಒಂದು ರೂಪಾಯಿ ಠೇವಣಿ ಇದ್ದರೆ ಪಕ್ಕದ ಸೈಟಿನಲ್ಲಿ ಒಂದಾದರೂ ಉಳಿಯುತ್ತಿತ್ತೆ?

ಸರ್ಕಾರಿ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳು ಒಂದು ವಿಷಯದಲ್ಲಿ ಹೆಮ್ಮೆಪಡಬಹುದು. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರಿಂದ ಶುರುವಾದ ಅಕ್ಷಯಪಾತ್ರ ನಮ್ಮ ರಾಜಾಜಿನಗರದ ಗುಡ್ಡದ ಮೇಲಿನ ದೇವಸ್ಥಾನದ ಕೂಸು. ಇವತ್ತಿಗೂ ಅನ್ನ, ಸಾಂಬಾರು ಶಾಲೆಗೆ ಬರುವುದು ದೊಡ್ಡ ಸ್ಟೀಲಿನ ಪಾತ್ರೆಗಳಲ್ಲಿ. ಅವೇ ಪಾತ್ರೆಗಳು ವಾಪಸು ಹೋಗುತ್ತವೆ. 2013ರ ಆಗಸ್ಟಿನಲ್ಲಿ ಬಂದ ಕ್ಷೀರಭಾಗ್ಯದ ಹಾಲನ್ನು ಮಕ್ಕಳು ಕುಡಿಯುವುದು ಲೋಟದಲ್ಲಿ. ಮೊಟ್ಟೆ, ಬಾಳೆಹಣ್ಣು ಕೊಡುತ್ತಾರೆ. ಅವೆರಡೂ ಹೊದಿಕೆ ಹುಟ್ಟಿನಿಂದಲೇ ತಂದವು. ನೂರಾರು ಮಕ್ಕಳು ಉಂಡೆದ್ದ ಮೇಲೆ ಕಸದ ಬುಟ್ಟಿಯಲ್ಲಿ ಮೊಟ್ಟೆಯ ಚಿಪ್ಪು, ಹಣ್ಣಿನ ಸಿಪ್ಪೆ ಬಿಟ್ಟರೆ ಹೆಚ್ಚೇನಿಲ್ಲ. ಸಾವಿರಾರು ರೂಪಾಯಿ ಶುಲ್ಕದ ಶಾಲೆಯ ಕ್ಯಾಂಟೀನಿನ ಹಿಂಬದಿಗೆ ಒಮ್ಮೆ ಹೋಗಿ ನೋಡಿ ಬನ್ನಿ.

ಮದುವೆ, ಗೃಹಪ್ರವೇಶಕ್ಕೂ ದಾರಿಯಿದೆ. ಬೆಂಗಳೂರಿನ ಅದಮ್ಯ ಚೇತನದವರು ತಟ್ಟೆ ಬ್ಯಾಂಕು ನಡೆಸುತ್ತಾರೆ. ಸಮಾರಂಭಕ್ಕೆ ಸ್ಟೀಲಿನ ತಟ್ಟೆ ಲೋಟ ಒಯ್ದು, ವಾಪಸು ಕೊಡುವುದು. ಇನ್ನು ಮುತ್ತುಗದ ಎಲೆಯನ್ನು ಹಂಚಿಕಡ್ಡಿಯಿಂದ ಹಚ್ಚಿ ಮಾಡಿದ ಊಟದೆಲೆ, ಬಾಳೆ ಎಲೆ ಮರಳಿ ಬರದಿದ್ದರೂ ಬಾಧಕವಿಲ್ಲ, ಅವು ಮರಳುವುದು ಮಣ್ಣಿಗೆ. ಆದರೆ ಬಾಳೆ ಎಲೆಯ ಆಕಾರಕ್ಕೆ ಕತ್ತರಿಸಿದ ಹಸಿರು ಪ್ಲಾಸ್ಟಿಕ್ ಲೇಪದ ಕಾಗದ ಹಾಸಿ, ಅದರ ಮೇಲೆ ಹೋಳಿಗೆ ಬಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಟ್ಟೆಯ ಮೇಲೆ ಹಿಟ್ಟು ಹೊಯ್ದು ಬೇಯಿಸುತ್ತಿದ್ದ ಇಡ್ಲಿಗೂ ಇದೇ ಗತಿ ಬಂದಿತ್ತು. ಬೆಂಗಳೂರಿನ ಹಲವು ಹೋಟೆಲುಗಳಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆಂದು ಆರೋಗ್ಯ ಇಲಾಖೆ 2025ರ ಫೆಬ್ರುವರಿಯಲ್ಲಿ ಕಂಡುಹಿಡಿದು, ನಿಷೇಧಿಸುವುದಾಗಿ ಹೇಳಬೇಕಾಯಿತು. ಯಾಕೆ ಹಾಸಿದರು? ಬಟ್ಟೆಯನ್ನು ದಿನವೂ ಒಗೆಯಬೇಕು, ಹಾಳೆಯನ್ನು ಎಸೆದರಾಯಿತು.

ಮೊದಲೇ ಬಿಟ್ಟಿದ್ದ ಪ್ರಶ್ನೆಗೆ ಈಗ ಬಂದೆವು: ತೊಳೆಯುವವರು ಯಾರು? ಬಿಸಾಡುವ ಲೋಟ ಇಷ್ಟು ಬೇಗ ಮನೆ ಹೊಕ್ಕದ್ದು ಕಂಪನಿಗಳ ಜಾಹೀರಾತಿನಿಂದ ಮಾತ್ರವಲ್ಲ. ಮದುವೆಮನೆಯ ಹಿತ್ತಿಲಲ್ಲಿ ರಾತ್ರಿ ಹನ್ನೊಂದರವರೆಗೆ ಪಾತ್ರೆ ಉಜ್ಜಿದ ಹೆಂಗಸರಿಗೆ ಅದು ನಿಜವಾಗಿಯೂ ಬಿಡುಗಡೆಯಾಗಿತ್ತು. 'ಸ್ಟೀಲಿನ ಲೋಟಕ್ಕೆ ಹಿಂತಿರುಗಿ' ಎಂದು ಭಾಷಣ ಮಾಡುವ ಗಂಡಸರು ಮೊದಲು ತೋಳು ಮಡಚಬೇಕು. ಜತೆಗೆ ನೀರು. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದರ ಗಗನಕ್ಕೇರಿದ್ದನ್ನು ಯಾರೂ ಮರೆತಿಲ್ಲ. ಮುಂದಿನ ಬೇಸಗೆಗೂ ನಿಲ್ಲುವ ಪದ್ಧತಿಯಾಗಬೇಕಾದರೆ ಕಡಿಮೆ ನೀರಿನಲ್ಲಿ, ಕೈಗಳನ್ನು ಹಂಚಿಕೊಂಡು ತೊಳೆಯುವುದಾಗಬೇಕು.

ನಮ್ಮ ಪಾಠದ ಮನೆಯಲ್ಲಿ ಮಾಡಿದ್ದು ದೊಡ್ಡದೇನಲ್ಲ. ಮುಖ್ಯರಸ್ತೆಯ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ನಿಪ್ಪಟ್ಟು, ಕೋಡುಬಳೆ, ಖಾರಾ ಕಡಲೆಪುರಿ ತೂಕದಲ್ಲಿ ಕೊಡುತ್ತಾರೆ. ಆರು ಮನೆಗಳಿಂದಲೂ ಆ ಹತ್ತತ್ತು ರೂಪಾಯಿ ಸೇರಿಸಿದೆವು. ಮಕ್ಕಳು ಒಬ್ಬೊಬ್ಬರಾಗಿ ದೊಡ್ಡ ಡಬ್ಬಿ ಹಿಡಿದು ಹೋಗುತ್ತಾರೆ. ಮೊದಲ ದಿನ ಅಂಗಡಿಯಾತ ಡಬ್ಬಿ ಸಮೇತ ತೂಗಲು ಹೋದಾಗ ಆರನೆಯ ತರಗತಿಯವಳು, "ಖಾಲಿ ಡಬ್ಬಿ ಮೊದಲು ತೂಗಿ ಅಣ್ಣ, ಆಮೇಲೆ ಕಳೆಯಿರಿ" ಎಂದಳಂತೆ. ಆರು ಜನಕ್ಕೆ ಅರವತ್ತು ರೂಪಾಯಿಗೆ ಬರುವುದು ಪೊಟ್ಟಣದಲ್ಲಿ ಬರುವುದಕ್ಕಿಂತ ಹೆಚ್ಚೇ. ಕೆಲವು ದಿನ ಪುರಿಗೆ ಈರುಳ್ಳಿ ಹೆಚ್ಚಿ ಹಾಕಿಕೊಂಡು ಚುರುಮುರಿಯೂ ಆಗುತ್ತದೆ. ಪೊಟ್ಟಣ ಪೂರ್ತಿ ನಿಂತಿಲ್ಲ. ಭಾನುವಾರಗಳು ನನ್ನ ಕೈಯಲ್ಲಿಲ್ಲ. ಗುಜರಿಯವರು ಬಿಟ್ಟುಕೊಟ್ಟ ಆ ರಾಶಿ ನಮ್ಮ ಮೆಟ್ಟಿಲ ಕೆಳಗಿನ ಗೋಣಿಚೀಲದಲ್ಲಿ ಸೇರುತ್ತಾ ಹೋಗಿ, ತುಂಬಿದಾಗ ಒಣಕಸದ ಗಾಡಿಗೆ ಹೋಗುತ್ತದೆ. ಮಕ್ಕಳು ಪೊಟ್ಟಣದ ಹಿಂಬದಿಯ ವಿಳಾಸ ನೋಡಿ ಮೂರು ಕಂಪನಿಗಳಿಗೆ ಪತ್ರ ಬರೆದಿದ್ದಾರೆ: ನಿಮ್ಮ ಪೊಟ್ಟಣವನ್ನು ನಮ್ಮ ಗುಜರಿ ಅಂಗಡಿ ಕೊಳ್ಳುವುದಿಲ್ಲ, ಒಂದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಮಾಡಲು ಬರುವುದಿಲ್ಲವೆ? ಉತ್ತರ ಇನ್ನೂ ಬಂದಿಲ್ಲ.

ತಟ್ಟೆ ತೊಳೆಯಲು ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದ್ದೇನೆ. ಒಂದು ಬೋಗುಣಿಯಲ್ಲಿ ಉಜ್ಜುವುದು, ಇನ್ನೊಂದರಲ್ಲಿ ಜಾಲಿಸುವುದು. ಜಾಲಿಸಿದ ನೀರು ಕರಿಬೇವಿನ ಗಿಡಕ್ಕೆ. ಎಂಟನೆಯ ತರಗತಿಯ ಹುಡುಗ ತನ್ನ ಹೆಸರು ನೋಡಿ, "ಮಿಸ್, ನಮ್ಮನೇಲಿ ಇದೆಲ್ಲ ಅಮ್ಮ ಮಾಡೋದು" ಎಂದ. "ಅಮ್ಮ ಬರೋದು ಆರೂವರೆಗಲ್ವೇನೋ?" ಎಂದೆ. ಅವನ ಪಾಳಿ ಗುರುವಾರ. ಮೊದಲ ಗುರುವಾರ ಒಂದು ತಟ್ಟೆಯಲ್ಲಿ ಖಾರದ ಕಲೆ ಹಾಗೇ ಇತ್ತು. ಎರಡನೆಯ ಗುರುವಾರ ಇರಲಿಲ್ಲ.